ನಮ್ಮ ಹೊಟ್ಟೆಯೊಳಗೆ ಏನೈತಿ?

(ರಾತ್ರಿ ಕಲಿಕಾ ಕೇಂದ್ರದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಆಡಿದ ಮಾತು)



ನೀವು ಈಗ ಓದಲು ಕಲಿತಿದ್ದೀರಿ. ನಿಮ್ಮ ಹೆಸರು ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ರೋಣ, ನರಗುಂದ, ಗಜೇಂದ್ರಗಡ ಎಂದು ಬರೆದಿದ್ದರೆ ಯಾರನ್ನೂ ಕೇಳುವುದಿಲ್ಲ, ಸೀದಾ ಹತ್ತಿ ಕೂಡುತ್ತೀರಿ. ಇವತ್ತು ಇನ್ನೊಂದು ಊರಿನ ಬೋರ್ಡು ಓದೋಣ. ಆ ಊರು ನಮ್ಮ ಸಂಗಡವೇ ಇದೆ. ಅದರ ಹೆಸರು ಹೊಟ್ಟೆ.

ನಾನು ಡಾಕ್ಟರ್ ಅಲ್ಲ. ಕನ್ನಡ ಶಾಲೆಯ ಅಕ್ಕೋರು. ಔಷಧ ಹೇಳಲು ಬಂದಿಲ್ಲ. ಹೊಟ್ಟೆಯ ಒಳಗೆ ಏನಿದೆ, ಯಾವಾಗ ಮನೆಯಲ್ಲಿ ಕಾಯಬಹುದು, ಯಾವಾಗ ಒಂದು ತಾಸೂ ಕಾಯಬಾರದು, ಇಷ್ಟು ಹೇಳುತ್ತೇನೆ.

ಆಸ್ಪತ್ರೆಗೆ ಹೋಗುತ್ತೇವೆ. "ಏನಾಗೇತಿ?" ಎಂದು ಡಾಕ್ಟರ್ ಕೇಳುತ್ತಾರೆ. "ಹೊಟ್ಟಿಬ್ಯಾನಿ ರೀ" ಅನ್ನುತ್ತೇವೆ. "ಎಲ್ಲಿ?" ಅಂದರೆ ಇಡೀ ಹೊಟ್ಟೆಯ ಮೇಲೆ ಕೈ ಆಡಿಸುತ್ತೇವೆ. ಆದರೆ ಹೊಟ್ಟೆಬೇನೆ ಒಂದೇ ರೋಗವಲ್ಲ. ಅದು ಇಪ್ಪತ್ತು ರೋಗಗಳ ಒಂದೇ ಹೆಸರು. ಎಲ್ಲಿ, ಯಾವಾಗಿನಿಂದ, ಹೇಗೆ ಎಂದು ಹೇಳಿದರೆ ಅರ್ಧ ಕೆಲಸ ಆದಂತೆ.

ಹೊಟ್ಟೆ ಎಲ್ಲಿಂದ ಎಲ್ಲಿಗೆ?

ನಿಮ್ಮ ಎದೆಗೂಡಿನ ಕೆಳಗೆ ಕೈ ಇಡಿರಿ. ಪಕ್ಕೆಲುಬು ಮುಗಿಯುವಲ್ಲಿ ಒಳಗೆ ಒಂದು ತೆಳ್ಳನೆಯ ಮಾಂಸದ ಪರದೆ ಇದೆ. ಅದಕ್ಕೆ ವಪೆ ಎನ್ನುತ್ತಾರೆ. ವಪೆಯ ಮೇಲೆ ಎದೆ. ಅಲ್ಲಿ ಹೃದಯ, ಪುಪ್ಪುಸ ಇವೆ. ವಪೆಯ ಕೆಳಗೆ ಹೊಟ್ಟೆ. ಅದು ಕೆಳಗೆ ಸೊಂಟದ ಎಲುಬಿನವರೆಗೆ ಇದೆ. ಮುಂದೆ ಗಟ್ಟಿ ಸ್ನಾಯುಗಳ ಗೋಡೆ, ಹಿಂದೆ ಬೆನ್ನೆಲುಬು.

ಎದೆಗೆ ಎಲುಬಿನ ಗೂಡಿದೆ. ಹೊಟ್ಟೆಗೆ ಮುಂದುಗಡೆ ಎಲುಬಿಲ್ಲ. ಅದಕ್ಕೇ ಊಟ ಮಾಡಿದರೆ ಅದು ಹಿಗ್ಗುತ್ತದೆ. ಬಸುರಿಯ ಹೊಟ್ಟೆ ಬೆಳೆಯುತ್ತದೆ. ಅದಕ್ಕೇ ಹೊಟ್ಟೆಗೆ ಗುದ್ದು ಬಿದ್ದರೆ, ಎತ್ತು ಹಾಯ್ದರೆ ಒಳಗಿನ ಅಂಗಕ್ಕೆ ಪೆಟ್ಟಾಗುತ್ತದೆ. ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರಬಹುದು. ಇದನ್ನು ನೆನಪಿಡಿ.

ರೊಟ್ಟಿಯ ಪ್ರಯಾಣ

ಒಂದು ತುತ್ತು ಜೋಳದ ರೊಟ್ಟಿ ಬಾಯಿಗೆ ಹಾಕಿದಿರಿ. ಹಲ್ಲು ಅದನ್ನು ಅರೆಯುತ್ತವೆ. ಜೊಲ್ಲು ಅದನ್ನು ನಾದುತ್ತದೆ. ಹಿಟ್ಟು ಚೆನ್ನಾಗಿ ನಾದದಿದ್ದರೆ ರೊಟ್ಟಿ ಹರಿಯುತ್ತದೆ, ಅಲ್ಲವೆ? ತುತ್ತೂ ಹಾಗೆಯೇ. ಗಬಗಬ ನುಂಗಿದರೆ ಹೊಟ್ಟೆಗೆ ದಂಡ.

ತುತ್ತು ಅನ್ನನಾಳದಲ್ಲಿ ಇಳಿದು ಜಠರಕ್ಕೆ ಬರುತ್ತದೆ. ಜಠರ ಒಂದು ಚೀಲ. ಎಡಗಡೆ, ಪಕ್ಕೆಲುಬಿನ ಕೆಳಗೆ ಇರುತ್ತದೆ. ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಅದು ಗಿರಣಿ ಇದ್ದ ಹಾಗೆ. ಅಲ್ಲಿ ಹುಳಿಯಂಥ ಆಮ್ಲ ಒಸರುತ್ತದೆ. ಅನ್ನವನ್ನು ಕಲೆಸಿ ಗಂಜಿ ಮಾಡುತ್ತದೆ.

ಗಂಜಿ ಅಲ್ಲಿಂದ ಸಣ್ಣ ಕರುಳಿಗೆ ಹೋಗುತ್ತದೆ. ಸಣ್ಣ ಕರುಳು ಅಗಲದಲ್ಲಿ ಸಣ್ಣದು, ಉದ್ದದಲ್ಲಿ ಅಲ್ಲ. ಸುಮಾರು 20 ಅಡಿ ಉದ್ದ! ಆರು ಗಜದ ಸೀರೆಗಿಂತ ಉದ್ದ. ಗಜೇಂದ್ರಗಡದ ನೇಕಾರರು ಸೀರೆ ಮಡಚಿ ಇಡುತ್ತಾರಲ್ಲ, ಹಾಗೆ ಈ ಕರುಳು ಗೇಣಗಲದ ಹೊಟ್ಟೆಯಲ್ಲಿ ಮಡಚಿ ಕೂತಿದೆ. ಅನ್ನದ ಸಾರ ರಕ್ತಕ್ಕೆ ಸೇರುವುದು ಇಲ್ಲಿಯೇ.

ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ. ಅದು ಸುಮಾರು 5 ಅಡಿ ಉದ್ದ. ಅದು ನೀರು ಹೀರಿಕೊಂಡು ಉಳಿದ ಕಸವನ್ನು ಹೊರಗೆ ಹಾಕುತ್ತದೆ. ಸಣ್ಣ ಕರುಳು, ದೊಡ್ಡ ಕರುಳು ಕೂಡುವ ಜಾಗ ಹೊಟ್ಟೆಯ ಬಲಗಡೆ ಕೆಳಗೆ ಇದೆ. ಅಲ್ಲಿ ಕಿರುಬೆರಳಿನಷ್ಟು ಒಂದು ಬಾಲ ಜೋತುಬಿದ್ದಿದೆ. ಅದರ ಹೆಸರು ಅಪೆಂಡಿಕ್ಸ್. ಅದರ ಮಾತು ಆಮೇಲೆ ಬರುತ್ತದೆ.

ಉಳಿದ ಅಂಗಗಳು

ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತು ಇದೆ. ಇದನ್ನೇ ಲಿವರ್ ಎನ್ನುತ್ತಾರೆ. ದೇಹದ ಒಳಗಿನ ಅಂಗಗಳಲ್ಲಿ ಇದೇ ದೊಡ್ಡದು. ಸುಮಾರು ಒಂದೂವರೆ ಕಿಲೋ ತೂಕ. ಅನ್ನದ ಸಾರವನ್ನು ಕೂಡಿಡುತ್ತದೆ. ವಿಷವನ್ನು ಸೋಸುತ್ತದೆ. ಪಿತ್ತರಸ ಮಾಡುತ್ತದೆ. ಆ ರಸ ತುಂಬಿಡುವ ಸಣ್ಣ ಚೀಲ ಅದರ ಕೆಳಗಿದೆ. ಅದೇ ಪಿತ್ತಕೋಶ.

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಇದು ಜೀರ್ಣರಸ ಕೊಡುತ್ತದೆ. ಇನ್ಸುಲಿನ್ ಬರುವುದೂ ಇದರಿಂದಲೇ. ಇನ್ಸುಲಿನ್ ಕಡಿಮೆಯಾದರೆ, ಇಲ್ಲವೆ ಸರಿಯಾಗಿ ಕೆಲಸ ಮಾಡದಿದ್ದರೆ ಸಕ್ಕರೆ ಕಾಯಿಲೆ. ಎಡಗಡೆ ಪಕ್ಕೆಲುಬಿನ ಅಡಿಯಲ್ಲಿ ಗುಲ್ಮ ಇದೆ. ಅದು ಹಳೆಯ ರಕ್ತಕಣಗಳನ್ನು ಸೋಸುತ್ತದೆ.

ಹಿಂದುಗಡೆ, ಬೆನ್ನೆಲುಬಿನ ಎರಡೂ ಬದಿಗೆ ಎರಡು ಮೂತ್ರಪಿಂಡಗಳಿವೆ. ಕಿಡ್ನಿ ಎಂದರೆ ಇವೇ. ಒಂದೊಂದೂ ಒಂದು ಮುಷ್ಟಿಯಷ್ಟು. ಕೆಲಸ ಮಾತ್ರ ಭಾರಿ. ಒಂದು ದಿನಕ್ಕೆ ಇವು ರಕ್ತದಿಂದ ಸುಮಾರು 180 ಲೀಟರ್ ನೀರು ಸೋಸುತ್ತವೆ. 15 ಲೀಟರಿನ ಕೊಡ ಲೆಕ್ಕ ಹಾಕಿ. 12 ಕೊಡ! ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಕೊಟ್ಟು, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರ ಮಾಡಿ ಕಳಿಸುತ್ತವೆ. ಅದು ಹೊಕ್ಕಳದ ಕೆಳಗಿನ ಮೂತ್ರಕೋಶದಲ್ಲಿ ನಿಲ್ಲುತ್ತದೆ.

ಹೆಣ್ಣುಮಕ್ಕಳಲ್ಲಿ ಮೂತ್ರಕೋಶದ ಹಿಂದೆ ಗರ್ಭಚೀಲ ಇದೆ. ಅದರ ಎರಡೂ ಬದಿಗೆ ಅಂಡಾಶಯಗಳಿವೆ.

ಇಷ್ಟೇ ನೋಡಿ. ಗೇಣುದ್ದದ ಹೊಟ್ಟೆ. ಒಳಗೆ ಒಂದು ತುಂಬಿದ ಮನೆ. ಈಗ ಆ ಮನೆಗೆ ಬರುವ ಕಷ್ಟಗಳನ್ನು ನೋಡೋಣ.

ವಾಂತಿ-ಭೇದಿ

"ಹೊಟ್ಟಿ ಝಾಡಿಸಾಕತ್ತೈತಿ." ಮಳೆಗಾಲ ಬಂದರೆ ಈ ಮಾತು ಪ್ರತಿ ಓಣಿಯಲ್ಲಿ ಕೇಳುತ್ತದೆ.

ನೀರಿಗಾಗಿ ನಮ್ಮ ಸೀಮೆ ಬಹಳ ಪಾಡುಪಟ್ಟಿದೆ. ಹಿರಿಯರು ಸೂಡಿಯಲ್ಲಿ ಕಲ್ಲಿನ ಹೊಂಡ ಕಟ್ಟಿದರು. ಆಮೇಲೆ ಮಲಪ್ರಭೆಯ ಕಾಲುವೆ ಬಂತು. ಅದೇ ಮಲಪ್ರಭೆ 2019ರ ಆಗಸ್ಟಿನಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು ಕಡೆ ಊರೊಳಗೇ ನುಗ್ಗಿತು. ನೀರಿಲ್ಲದಿದ್ದರೂ ಕಷ್ಟ, ಹೊಲಸು ನೀರು ಬಂದರೂ ಕಷ್ಟ. ಪ್ರವಾಹ ಬಂದಾಗ ಬಾವಿ, ಬೋರು, ಟಾಕಿ ಎಲ್ಲಕ್ಕೂ ಕೊಳೆ ಸೇರುತ್ತದೆ.

ಪ್ರವಾಹವೇ ಬೇಕಿಲ್ಲ. ನಲ್ಲಿಯ ಪೈಪು ಗಟಾರದೊಳಗೆ ಹಾದು ಹೋಗಿರುತ್ತದೆ. ಒಂದು ಕಡೆ ಒಡೆದರೆ ಸಾಕು. 2023ರ ಜೂನಿನಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ಬಸರಿಹಾಳ, ಬಿಜಕಲ್ ಊರುಗಳಲ್ಲಿ ವಾಂತಿ-ಭೇದಿಯಿಂದ ಜೀವ ಹೋದವು. ಅದೇ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಹೊಲಸು ನೀರು ಕುಡಿದು ಜನ ಸತ್ತರು. ಇದು ಹಳೆಯ ಕಾಲದ ಕತೆಯಲ್ಲ.

ಭೇದಿಯಲ್ಲಿ ಜೀವ ಹೇಗೆ ಹೋಗುತ್ತದೆ? ದೇಹದ ನೀರು, ಉಪ್ಪು ಸೋರಿಹೋಗುತ್ತವೆ. ಕೂಸು ಬಾಡಿದ ಕೊತ್ತಂಬರಿಯಂತೆ ಆಗುತ್ತದೆ. ಆಗ ನಮ್ಮ ಕಡೆ ಏನು ಹೇಳುತ್ತಾರೆ? "ನೀರು ಕುಡಿಸಬ್ಯಾಡ್ರಿ, ಕುಡಿಸಿದಷ್ಟೂ ಝಾಡಿಸತೈತಿ." ಇದು ತಪ್ಪು ಮಾತು. ಸೋರುವ ಕೊಡಕ್ಕೆ ನೀರು ಹಾಕದಿದ್ದರೆ ಕೊಡ ಬೇಗ ಬರಿದಾಗುತ್ತದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆದಿತ್ತು. ಲಕ್ಷಾಂತರ ಜನ ಓಡಿ ಬಂದು ಪಶ್ಚಿಮ ಬಂಗಾಳದ ಶಿಬಿರಗಳಲ್ಲಿ ಇದ್ದರು. ಕಾಲರಾ ಬಂತು. ರಕ್ತನಾಳಕ್ಕೆ ಏರಿಸುವ ಸಲಾಯಿನ್ ಮುಗಿಯಿತು. ದಿಲೀಪ್ ಮಹಲನಬಿಸ್ ಎಂಬ ಡಾಕ್ಟರು ಬನಗಾಂವ್ ಶಿಬಿರದಲ್ಲಿದ್ದರು. ಅವರು ಉಪ್ಪು, ಸಕ್ಕರೆಯಂಥ ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಮನೆಯವರ ಕೈಯಿಂದಲೇ ಕುಡಿಸಿದರು. ಮೊದಲು ನೂರಕ್ಕೆ 30 ಮಂದಿ ಸಾಯುತ್ತಿದ್ದರು. ಆಮೇಲೆ ನೂರಕ್ಕೆ 4ಕ್ಕಿಂತ ಕಡಿಮೆಯಾಯಿತು. ಅದೇ ನೀರು ಇಂದು ಓಆರ್‌ಎಸ್ ಎಂಬ ಪೊಟ್ಟಣವಾಗಿದೆ. ಆಶಾ ಅಕ್ಕನ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಮಾಡುವ ರೀತಿ ಓದಿಕೊಳ್ಳಿ:

ಕೈಗೆ ಸಾಬೂನು ಹಚ್ಚಿ ತೊಳೆಯಿರಿ. 1 ಲೀಟರ್ ಕಾಯಿಸಿ ಆರಿಸಿದ ನೀರು ತೆಗೆದುಕೊಳ್ಳಿ. ಪೊಟ್ಟಣದ ಮೇಲೆ 1 ಲೀಟರ್ ಎಂದು ಬರೆದಿದೆಯೇ ನೋಡಿ. ಇಡೀ ಪೊಟ್ಟಣ ಒಮ್ಮೆಗೇ ಹಾಕಿ. ಕಲಕಿ. ಸಣ್ಣ ಗುಟುಕಿನಲ್ಲಿ ಕುಡಿಸಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಚಮಚದಿಂದ ನಿಧಾನ ಕುಡಿಸಿ. 24 ತಾಸು ದಾಟಿದರೆ ಚೆಲ್ಲಿ, ಹೊಸದು ಮಾಡಿ.

ಪೊಟ್ಟಣ ಇಲ್ಲವೆ? 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮ ಇರಲಿ, ಗೋಪುರ ಬೇಡ. ಉಪ್ಪು ಹೆಚ್ಚಾದರೆ ಕೂಸಿಗೆ ಕೆಡುಕು.

ಎದೆಹಾಲು ನಿಲ್ಲಿಸಬೇಡಿ. ಊಟ ನಿಲ್ಲಿಸಬೇಡಿ. ಮಕ್ಕಳಿಗೆ ಸತುವಿನ ಗುಳಿಗೆ, ಅಂದರೆ ಜಿಂಕ್ ಗುಳಿಗೆ ಕೊಡುತ್ತಾರೆ. ಭೇದಿ ನಿಂತರೂ 14 ದಿನ ಪೂರಾ ಕೊಡಬೇಕು.

ಭೇದಿಯಲ್ಲಿ ರಕ್ತ ಬಂದರೆ, ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ, ಕೂಸು ತೂಕಡಿಸಿ ಕುಡಿಯಲಾರದಾದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ತಟ್ಟನೆ ಸಮ ಆಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಒಂದು ಮಾತು ಕಟುವಾಗಿ ಹೇಳುತ್ತೇನೆ. ಕೂಸಿನ ಹೊಟ್ಟೆ ಉಬ್ಬಿತು, ಹಾಲು ಕುಡಿಯಲಿಲ್ಲ ಎಂದು ಹೊಟ್ಟೆಗೆ ಚುಟಿಗಿ ಹಾಕುತ್ತಾರೆ. ಕಾಯಿಸಿದ ಕಬ್ಬಿಣ, ಬಳೆ ಚೂರು, ಊದಿನಕಡ್ಡಿ! ಸುಟ್ಟ ಗಾಯದಿಂದ ಹೊಟ್ಟೆಯೊಳಗಿನ ರೋಗ ಹೋಗುವುದಿಲ್ಲ. ಗಾಯಕ್ಕೆ ಕೀವು ಆಗಿ ಕೂಸು ಇನ್ನಷ್ಟು ಕೆಡುತ್ತದೆ. ಯಾರ ಮನೆಯಲ್ಲೂ ಇದು ಬೇಡ.

ಹೊಟ್ಟೆಯ ಜಂತು

ಮಗು ಎರಡು ರೊಟ್ಟಿ ತಿನ್ನುತ್ತದೆ, ಆದರೂ ಸೊರಗುತ್ತದೆ. ಯಾಕೆ? ಒಳಗೆ ಪಾಲುಗಾರರು ಇದ್ದಾರೆ. ದುಂಡು ಜಂತು ಮಣ್ಣು, ನೀರು, ತೊಳೆಯದ ಕಾಯಿಪಲ್ಲೆಯಿಂದ ಬಾಯಿಗೆ ಬರುತ್ತದೆ. ಕೊಕ್ಕೆ ಜಂತು ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿಗೆ ಕೊಕ್ಕೆ ಹಾಕಿ ರಕ್ತ ಹೀರುತ್ತದೆ. ಕಣ್ಣು ಬಿಳಿಚುತ್ತದೆ, ದಣಿವು ಬರುತ್ತದೆ.

ಬಯಲಿನಲ್ಲಿ ಕೂತ ಮಲದಿಂದ ಜಂತಿನ ತತ್ತಿ ಹೊಲಕ್ಕೆ ಬರುತ್ತದೆ. ಹೊಲದಿಂದ ಕಾಲಿಗೆ, ಕೈಗೆ, ಬಾಯಿಗೆ. ಈ ಚಕ್ರ ಕಡಿಯುವುದು ಸಂಡಾಸ, ಚಪ್ಪಲಿ, ಸಾಬೂನು. 2015ರಿಂದ ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನ ಮಾಡುತ್ತಾರೆ. 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಗುಳಿಗೆ ಕೊಡುತ್ತಾರೆ. ಆ ದಿನ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಬೇಡಿ. ಶಾಲೆಗೆ ಕಳಿಸಿ.

ಕಾಮಣಿ

ಕಣ್ಣು ಹಳದಿ, ಮೂತ್ರ ಹಳದಿ. ಕಾಮಣಿ ಆಗಿದೆ ಎನ್ನುತ್ತೇವೆ. ಕಾಮಣಿ ಒಂದು ಗುರುತು. ರೋಗ ಇರುವುದು ಬಹುಮಟ್ಟಿಗೆ ಯಕೃತ್ತಿನಲ್ಲಿ, ಇಲ್ಲವೆ ಪಿತ್ತರಸದ ನಾಳದಲ್ಲಿ.

ಹೊಲಸು ನೀರಿನಿಂದ ಬರುವ ಕಾಮಣಿ ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಬೇರು ಕೊಟ್ಟವರಿಗೆ, ಮಂತ್ರ ಹಾಕಿದವರಿಗೆ ಹೆಸರು ಬರುತ್ತದೆ. ರೋಗ ತಾನೇ ಹೋಯಿತು, ಹೆಸರು ಅವರಿಗೆ ಹೋಯಿತು! ಆದರೆ ಎಲ್ಲ ಕಾಮಣಿ ಹೀಗಲ್ಲ. ಬಸುರಿಗೆ ಬಂದರೆ ಜೀವಕ್ಕೆ ಅಪಾಯ. ರಕ್ತ, ಸೂಜಿ, ದೇಹ ಸಂಬಂಧದಿಂದ ಬರುವ ಹೆಪಟೈಟಿಸ್ ಬಿ ವರ್ಷಗಟ್ಟಲೆ ಒಳಗೇ ಕೂತು ಯಕೃತ್ತನ್ನು ತಿನ್ನುತ್ತದೆ. ಹುಟ್ಟಿದ ಕೂಸಿಗೆ ಇದರ ಲಸಿಕೆ ಹಾಕುತ್ತಾರೆ. ತಪ್ಪಿಸಬೇಡಿ.

ಅಣ್ಣಂದಿರೆ, ಇನ್ನೊಂದು ಕಾರಣ ನಿಮಗೇ ಗೊತ್ತು. ದಿನಾ ಕುಡಿದರೆ ಯಕೃತ್ತು ಒಣಗಿ ಗಂಟುಗಟ್ಟುತ್ತದೆ. ಹೊಟ್ಟೆಗೆ ನೀರು ತುಂಬುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ. ಆಗ ದಾರಿ ಬಹಳ ಕಡಿಮೆ.

ಉರಿ ಮತ್ತು ಹುಣ್ಣು

ಮಿರ್ಚಿ-ಮಂಡಾಳು ತಿಂದರೆ ಎದೆ ಉರಿಯುತ್ತದೆ. ಅದರಿಂದ ಜಠರಕ್ಕೆ ಹುಣ್ಣು ಆಗುತ್ತದೆ ಎಂದು ಬಹಳ ದಿನ ಡಾಕ್ಟರರೂ ನಂಬಿದ್ದರು. ಖಾರ, ಚಿಂತೆ ಇವೇ ಕಾರಣ ಅಂದಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ಡಾಕ್ಟರರು ಜಠರದಲ್ಲಿ ಬಾಳುವ ಒಂದು ರೋಗಾಣುವನ್ನು ಬೆಳೆಸಿ ತೋರಿಸಿದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ರೋಗಾಣುವನ್ನು ತಾವೇ ಕುಡಿದರು! ಜಠರ ಬಾತು ಕಾಯಿಲೆ ಬಿದ್ದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ನಮಗೆ ಇದರಿಂದ ಏನು ಲಾಭ? ಹುಣ್ಣಿಗೆ ಈಗ ಔಷಧ ಇದೆ. ಒಂದೆರಡು ವಾರ ಗುಳಿಗೆ ತೆಗೆದುಕೊಂಡರೆ ರೋಗಾಣು ಸಾಯುತ್ತದೆ. ಬರೀ ಸೋಡಾ ಕುಡಿದು ವರ್ಷ ಕಳೆಯಬೇಕಿಲ್ಲ.

ಹುಣ್ಣಿಗೆ ಇನ್ನೊಂದು ಕಾರಣ ನೋವಿನ ಗುಳಿಗೆ. ಕಡಲೆ ಕೀಳುತ್ತೇವೆ, ಹತ್ತಿ ಬಿಡಿಸುತ್ತೇವೆ, ಸಂಜೆಗೆ ಮೈಕೈ ನೋವು. ಅಂಗಡಿಯಲ್ಲಿ ಗುಳಿಗೆ ತಂದು ಖಾಲಿ ಹೊಟ್ಟೆಗೆ ನುಂಗುತ್ತೇವೆ. ದಿನಾ ನುಂಗಿದರೆ ಕೆಲವು ಗುಳಿಗೆ ಜಠರವನ್ನು ಕೊರೆಯುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಮಲ ಡಾಂಬರಿನಂತೆ ಕರ್ರಗೆ ಬಂದರೆ, ವಾಂತಿಯಲ್ಲಿ ರಕ್ತ ಬಂದರೆ ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿಯಿರಿ.

ಇನ್ನೊಂದು ಎಚ್ಚರ. ಎದೆಗುಂಡಿಗೆಯ ಕೆಳಗೆ ಒತ್ತಿದಂತೆ ನೋವು, ಮೈಯೆಲ್ಲ ಬೆವರು, ಉಸಿರು ಕಟ್ಟಿದಂತೆ. "ಗ್ಯಾಸ್ ಆಗೇತಿ ಬಿಡ್ರಿ" ಎಂದು ಮಲಗಬೇಡಿ. ಅದು ಹೃದಯದ ನೋವು ಇರಬಹುದು. ಹೊಟ್ಟೆಯ ನೆಂಟ ಅನ್ನಿಸಿಕೊಂಡು ಬರುವ ಎದೆಯ ಶತ್ರು ಅದು.

ಕಿಡ್ನಿಯ ಹರಳು

ನಮ್ಮದು ಎರೆ ಭೂಮಿ, ಬಿರು ಬಿಸಿಲು. ಬೆವರು ಹರಿಯುತ್ತದೆ, ನೀರು ಕುಡಿಯುವುದು ಕಡಿಮೆ. ಮೂತ್ರ ಗಟ್ಟಿಯಾಗುತ್ತದೆ. ಅದರಲ್ಲಿನ ಉಪ್ಪು ಹರಳುಗಟ್ಟುತ್ತದೆ. ಹರಳು ಕೆಳಗೆ ಜಾರುವಾಗ ಪಕ್ಕೆಯಿಂದ ತೊಡೆಯ ಸಂದಿಯವರೆಗೆ ಹೇಳಲಾರದ ನೋವು. ಮನುಷ್ಯ ಕೂತಲ್ಲಿ ಕೂಡಲಾರ. ಸಣ್ಣ ಹರಳು ತಾನೇ ಹೊರಗೆ ಬೀಳುತ್ತದೆ. ದೊಡ್ಡದಕ್ಕೆ ಡಾಕ್ಟರ್ ಬೇಕು. ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೇ ದಿನ ಹೋಗಿ.

ಹೊಲಕ್ಕೆ ಬುತ್ತಿ ಕಟ್ಟುವಾಗ ನೀರನ್ನೂ ಲೆಕ್ಕ ಹಾಕಿ ಒಯ್ಯಿರಿ. ಮೂತ್ರದ ಬಣ್ಣ ತಿಳಿ ಇದ್ದರೆ ನೀರು ಸಾಕು. ಕಡು ಹಳದಿ ಇದ್ದರೆ ಸಾಲದು.

ಹೆಣ್ಣುಮಕ್ಕಳ ಹೊಟ್ಟೆ

ಅಕ್ಕ-ತಂಗಿಯರೆ, ಈ ಮಾತು ನಾಚಿಕೆ ಬಿಟ್ಟು ಕೇಳಿರಿ. ಗಂಡಸರೂ ಕೇಳಲಿ.

ನಾವು ನೀರು ಯಾಕೆ ಕಡಿಮೆ ಕುಡಿಯುತ್ತೇವೆ? "ಕುಡದರ ಎದ್ದು ಹೋಗಬೇಕಾಗತೈತಿ. ಹಗಲೊತ್ತಿನ್ಯಾಗ ಎಲ್ಲಿ ಹೋಗೂದು?" ಕತ್ತಲಾಗಲಿ ಎಂದು ಮೂತ್ರ ತಡೆಯುತ್ತೇವೆ, ಮಲ ತಡೆಯುತ್ತೇವೆ. ನಿಂತ ನೀರು ಕೊಳೆಯುತ್ತದೆ, ಗೊತ್ತಲ್ಲ? ಮೂತ್ರಕೋಶದಲ್ಲೂ ಅದೇ. ಉರಿಮೂತ್ರ, ಕೆಳಹೊಟ್ಟೆ ನೋವು, ಜ್ವರ ಬರುತ್ತವೆ. ಮಲ ತಡೆದರೆ ಮಲಬದ್ಧತೆ, ಮೂಲವ್ಯಾಧಿ.

2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಮನೆಗೆ ಸಂಡಾಸ ಕಟ್ಟಿಸಲು 12 ಸಾವಿರ ರೂಪಾಯಿ ಸಹಾಯಧನ ಕೊಟ್ಟರು. ಬಹಳ ಮನೆಗಳಲ್ಲಿ ಕಟ್ಟಿದರು. ಕೆಲವು ಕಡೆ ಅದರೊಳಗೆ ಕಟ್ಟಿಗೆ, ಕುಳ್ಳು ತುಂಬಿಟ್ಟಿದ್ದಾರೆ. ಅಣ್ಣಂದಿರೆ, ಕುಳ್ಳು ಹೊರಗೆ ಇಡಿರಿ. ಕುಳ್ಳಿಗೆ ಮರೆ ಬೇಕಿಲ್ಲ, ಹೆಣ್ಣುಮಕ್ಕಳಿಗೆ ಬೇಕು.

ಇನ್ನು ಗರ್ಭಚೀಲದ ಮಾತು. ಬಿಳಿ ಹೋಗುತ್ತದೆ, ಮುಟ್ಟು ಹೆಚ್ಚು ಹೋಗುತ್ತದೆ, ಕೆಳಹೊಟ್ಟೆ ನೋಯುತ್ತದೆ. ಆಸ್ಪತ್ರೆಗೆ ಹೋದರೆ ಕೆಲವು ಕಡೆ ಏನು ಹೇಳುತ್ತಾರೆ? "ಮಕ್ಕಳಾಗ್ಯಾವಲ್ಲ, ಇನ್ನ್ಯಾಕ ಬೇಕು? ತಗಿಸಿಬಿಡ್ರಿ. ಬಿಟ್ಟರ ಕ್ಯಾನ್ಸರ್ ಆಗತೈತಿ." ಹೆದರಿ ತೆಗೆಸುತ್ತೇವೆ. ಸಾಲ ಮಾಡಿ ತೆಗೆಸುತ್ತೇವೆ.

ಕಲಬುರಗಿ ಜಿಲ್ಲೆಯಲ್ಲಿ ಹೀಗೇ ಆಯಿತು. ತಾಂಡಾಗಳ, ಕೇರಿಗಳ ಬಡ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಬೇಕಿಲ್ಲದಿದ್ದರೂ ತೆಗೆದಿದ್ದಾರೆ ಎಂದು 2015ರಲ್ಲಿ ದೊಡ್ಡ ದೂರು ಎದ್ದಿತು. ಹೆಣ್ಣುಮಕ್ಕಳೇ ಬೀದಿಗೆ ಬಂದು ನ್ಯಾಯ ಕೇಳಿದರು. ನಮ್ಮ ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಿಂದಲೂ ಇಂಥದೇ ದೂರು ಬಂತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬೇಕಿಲ್ಲದ ಈ ಆಪರೇಷನ್ ತಡೆಯುವ ನಿಯಮಗಳನ್ನು ಜಾರಿಗೆ ತನ್ನಿರಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಬಿಳಿ ಹೋಗುವುದಕ್ಕೆ, ಸೋಂಕಿಗೆ ಬಹಳ ಸಲ ಗುಳಿಗೆ ಸಾಕು. ಗರ್ಭಚೀಲ ಎಂದರೆ ಮಕ್ಕಳಾದ ಮೇಲೆ ಬಿಸಾಡುವ ಹಳೆಯ ಚೀಲವಲ್ಲ. ಅದರ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲಿ ತೆಗೆದರೆ ಎಲುಬು ಬೇಗ ಸವೆಯುತ್ತದೆ, ಹೃದಯಕ್ಕೂ ತೊಂದರೆ.

ಹಾಗಂತ ಆಪರೇಷನ್ ಎಂದೂ ಬೇಡವೆ? ಬೇಕಾಗುತ್ತದೆ. ಕ್ಯಾನ್ಸರ್, ದೊಡ್ಡ ಗಡ್ಡೆ, ನಿಲ್ಲದ ರಕ್ತಸ್ರಾವ ಇದ್ದರೆ ಅದೇ ಜೀವ ಉಳಿಸುತ್ತದೆ. ಆದರೆ ಒಬ್ಬರ ಮಾತಿಗೆ ತೆಗೆಸಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ. 30 ವರ್ಷ ದಾಟಿದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಬಂದರೆ ಮುಚ್ಚಿಡಬೇಡಿ.

ಕಾಯಬಾರದ ನೋವು

ಈಗ ಅಪೆಂಡಿಕ್ಸ್ ಮಾತು. ಮೊದಲು ಹೊಕ್ಕಳ ಸುತ್ತ ನೋವು. ಊಟ ಬೇಡ ಅನ್ನಿಸುತ್ತದೆ. ವಾಂತಿ ಬರುತ್ತದೆ. ಕೆಲವು ತಾಸಿನಲ್ಲಿ ನೋವು ಬಲಗಡೆ ಕೆಳಗೆ ಸರಿಯುತ್ತದೆ. ಸಣ್ಣ ಜ್ವರ. ನಡೆದರೆ, ಕೆಮ್ಮಿದರೆ ನೋವು ಹೆಚ್ಚು. ಆ ಬಾಲದಂಥ ಅಂಗ ಬಾತು ಕೀವು ಆಗುತ್ತಿದೆ. ಬಿಟ್ಟರೆ ಒಡೆಯುತ್ತದೆ. ಕೀವು ಹೊಟ್ಟೆ ತುಂಬ ಹರಡುತ್ತದೆ.

ನಾವು ಏನು ಮಾಡುತ್ತೇವೆ? "ಬಟ್ಟಿ ಸರದೈತಿ" ಎಂದು ಹೊಟ್ಟೆ ತಿಕ್ಕಿಸುತ್ತೇವೆ. "ಹೊಟ್ಟಿ ಕಟ್ಟೈತಿ" ಎಂದು ಔಡಲೆಣ್ಣೆ ಕುಡಿಸುತ್ತೇವೆ. ಎರಡೂ ಅಪಾಯ. ಬಾತ ಕರುಳನ್ನು ತಿಕ್ಕಿದರೆ, ಭೇದಿ ಮಾಡಿಸಿದರೆ ಅದು ಬೇಗ ಒಡೆಯಬಹುದು. ತಿಕ್ಕುವ ಅಜ್ಜಿಯ ಮನಸ್ಸು ಒಳ್ಳೆಯದು. ಆದರೆ ಅಜ್ಜಿಯ ಕೈಗೆ ಒಳಗಿನದು ಕಾಣುವುದಿಲ್ಲ.

ಕೂಡಲೇ ಹೊರಡಬೇಕಾದ ಗುರುತುಗಳು ಇವು. ನಿಧಾನ ಓದಿ:

1. ಹೊಟ್ಟೆ ಹಲಗೆಯಂತೆ ಗಟ್ಟಿ, ಮುಟ್ಟಿದರೆ ನೋವು.
2. ನೋವು ಬಲಗಡೆ ಕೆಳಗೆ, ಜೊತೆಗೆ ವಾಂತಿ, ಜ್ವರ.
3. ಹೊಟ್ಟೆ ಉಬ್ಬಿದೆ, ಗಾಳಿಯೂ ಹೋಗುತ್ತಿಲ್ಲ, ಮಲವೂ ಹೋಗುತ್ತಿಲ್ಲ, ವಾಂತಿ ನಿಲ್ಲುತ್ತಿಲ್ಲ.
4. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಒಮ್ಮೆಲೇ ಕೆಳಹೊಟ್ಟೆ ನೋವು, ಕಣ್ಣುಕತ್ತಲೆ. ಗರ್ಭಚೀಲದ ಹೊರಗೆ ನಾಳದಲ್ಲಿ ಗರ್ಭ ನಿಂತು ಒಡೆದಿರಬಹುದು.
5. ವಾಂತಿಯಲ್ಲಿ ರಕ್ತ, ಇಲ್ಲವೆ ಮಲದಲ್ಲಿ ರಕ್ತ, ಇಲ್ಲವೆ ಕಪ್ಪು ಮಲ.
6. ತೊಡೆಯ ಸಂದಿಯಲ್ಲಿ ಇಳಿದ ಕರುಳಿನ ಗಂಟು, ಅಂದರೆ ಹರ್ನಿಯಾ, ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದೆ.
7. ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಬೆವರು, ಬಿಳಿಚಿಕೆ.
8. ಔಷಧ, ಎಣ್ಣೆ ಕುಡಿದಿದ್ದಾರೆ. ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದರೆ ವಾಂತಿ ಮಾಡಿಸುತ್ತಾ ಕೂಡಬೇಡಿ. ಡಬ್ಬಿಯನ್ನೂ ಸಂಗಡ ಒಯ್ಯಿರಿ.

108ಕ್ಕೆ ಫೋನು ಮಾಡಿ. ದುಡ್ಡು ಬೇಕಿಲ್ಲ. ಈ ಗಾಡಿ 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿದೆ. ರೋಣ, ನರಗುಂದ, ಗಜೇಂದ್ರಗಡದಲ್ಲಿ ಸರ್ಕಾರಿ ಆಸ್ಪತ್ರೆ ಇವೆ. ಅಲ್ಲಿ ಆಗದಿದ್ದರೆ ಗದಗಿಗೆ, ಹುಬ್ಬಳ್ಳಿಗೆ ಕಳಿಸುತ್ತಾರೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಹೊರಡುವಾಗ ಹುಡುಕಬಾರದು.

ಗಾಡಿ ಬರುವವರೆಗೆ ಊಟ, ಚಹಾ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತಿಕ್ಕಬೇಡಿ. ಭೇದಿ ಔಷಧ ಕೊಡಬೇಡಿ.

ಓದಿ ಸಹಿ ಮಾಡಿ

ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಚೀಟಿಯಲ್ಲಿ ಬರೆಯಿರಿ: ನೋವು ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು? ಎಲ್ಲಿ? ಎಷ್ಟು ಸಲ ವಾಂತಿ? ಮುಟ್ಟು ಯಾವಾಗ ಆಯಿತು? ಯಾವ ಗುಳಿಗೆ ನುಂಗಿದ್ದೀರಿ? ಡಾಕ್ಟರ ಮುಂದೆ ಹೆದರಿ ಮಾತು ಮರೆತರೂ ಚೀಟಿ ಮರೆಯುವುದಿಲ್ಲ.

ಔಷಧದ ಮೇಲೆ ತಾರೀಖು ಓದಿ. ಅವಧಿ ಮುಗಿದಿದ್ದರೆ ವಾಪಸು ಕೊಡಿ.

ಕಡೆಯದು, ಬಹಳ ದೊಡ್ಡದು. ಆಪರೇಷನ್ ಮೊದಲು ಒಂದು ಕಾಗದ ಕೊಡುತ್ತಾರೆ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಏನು ಬರೆದಿದೆಯೋ ದೇವರಿಗೆ ಗೊತ್ತು. ದಿಲ್ಲಿಯಲ್ಲಿ ಒಬ್ಬ ಹೆಣ್ಣುಮಗಳು ಬರೀ ಪರೀಕ್ಷೆಗೆ ಒಪ್ಪಿದ್ದಳು. ಅವಳಿಗೆ ಎಚ್ಚರ ಇಲ್ಲದಾಗ ತಾಯಿಯ ಸಹಿ ಪಡೆದು ಗರ್ಭಚೀಲವನ್ನೇ ತೆಗೆದರು. ಅವಳು ಸುಪ್ರೀಂ ಕೋರ್ಟಿನವರೆಗೆ ಹೋದಳು. 2008ರಲ್ಲಿ ತೀರ್ಪು ಬಂತು. ಬುದ್ಧಿ ಬಲಿತವಳ ದೇಹಕ್ಕೆ ಅವಳದೇ ಒಪ್ಪಿಗೆ ಬೇಕು, ಜೀವಕ್ಕೆ ಆ ಗಳಿಗೆಯ ಅಪಾಯ ಇಲ್ಲದಾಗ ಬೇರೆಯವರ ಸಹಿ ಸಾಲದು ಎಂದು ಕೋರ್ಟು ಹೇಳಿತು.

ಆದ್ದರಿಂದ ಕಾಗದ ಕೈಗೆ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಇದ್ದರೆ, "ಕನ್ನಡದಾಗ ಹೇಳ್ರೀ" ಎನ್ನಿ. ಕೇಳಿ: ಯಾವ ಅಂಗ? ಯಾಕೆ ತೆಗೆಯುತ್ತೀರಿ? ತೆಗೆಯದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೆ? ಇದು ಎದುರುಮಾತಲ್ಲ. ಇದು ನಿಮ್ಮ ಹಕ್ಕು. ಒಳ್ಳೆಯ ಡಾಕ್ಟರ್ ಇಂಥ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತಿಳಿದ ಮೇಲೆ ಸಹಿ ಮಾಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಅಂದರು. ಊಟದ ಜೊತೆ ಅಕ್ಷರವನ್ನೂ ಬಲ್ಲವರಾಗೋಣ.

ಈಗ ಪಾಟಿ ತೆಗೆಯಿರಿ. ಈ ಪದಗಳನ್ನು ಓದಿ ಬರೆಯಿರಿ:

ಜಠರ. ಕರುಳು. ಯಕೃತ್ತು. ಮೂತ್ರಪಿಂಡ. ಗರ್ಭಚೀಲ. ಓಆರ್‌ಎಸ್. 108.

ಬರೆದಾದ ಮೇಲೆ ಪ್ರತಿಯೊಂದು ಅಂಗವೂ ನಿಮ್ಮ ಮೈಯಲ್ಲಿ ಎಲ್ಲಿದೆ ಎಂದು ಕೈಯಿಟ್ಟು ಪಕ್ಕದವರಿಗೆ ತೋರಿಸಿ. ಮನೆಗೆ ಹೋಗಿ ಸೊಸೆಗೂ, ಅತ್ತೆಗೂ, ಮಕ್ಕಳಿಗೂ ತೋರಿಸಿ.